ತುದಿಗಾಲಿನ ನಡಿಗೆ

ನನ್ನ ಮಗ ಮೂರೂವರೆ ವರ್ಷಕ್ಕೇ ತುದಿಗಾಲಲ್ಲಿ ನಡೆಯುತ್ತಿದ್ದ. ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ. ಮೀನಖಂಡ ಗುಂಡಗೆ, ಗಟ್ಟಿಯಾಗಿತ್ತು. ಗುಂಡ್ಲುಪೇಟೆಯ ನಮ್ಮ ಬೀದಿಯ ಹೆಂಗಸರು ಅದನ್ನು ಹಿಸುಕಿ ನೋಡಿ, "ಒಳ್ಳೆ ಪೈಲ್ವಾನನ ಕಾಲು ಕಣಮ್ಮಿ, ದೃಷ್ಟಿ ತೆಗಿ" ಅನ್ನುತ್ತಿದ್ದರು. ನಾನು ಆ ನಡಿಗೆಯಲ್ಲಿ ಬೇರೆಯದನ್ನು ಕಂಡೆ. ಇವನು ಕುಣಿಯಲೆಂದೇ ಹುಟ್ಟಿದ್ದಾನೆ ಅಂದುಕೊಂಡೆ.

ಹಾಗಂದುಕೊಳ್ಳಲು ಕಾರಣವಿತ್ತು. ಹರದನಹಳ್ಳಿಯ ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಅವ್ವ ಕೂಲಿ ಮಾಡಿ ಓದಿಸಿದಳು. ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಡ್ಯಾನ್ಸಿನ ಬಟ್ಟೆ ಬಾಡಿಗೆಗೆ ತರಲಾಗದ ಮಕ್ಕಳು ಪರದೆ ಎಳೆಯಬೇಕಿತ್ತು. ಏಳು ವರ್ಷ ನಾನು ಪರದೆ ಎಳೆದಿದ್ದೇನೆ. ಎಷ್ಟು ಚೆನ್ನಾಗಿ ಎಳೆಯುತ್ತಿದ್ದೆನೆಂದರೆ, ಹೈಸ್ಕೂಲಿಗೆ ಹೋದಾಗಲೂ ಮೇಷ್ಟ್ರು "ಪರದೆಗೆ ಅವಳನ್ನೇ ಹಾಕ್ಕೊಳ್ಳಿ" ಎಂದು ಹೇಳಿ ಕಳಿಸಿದ್ದರು. ನನ್ನ ಮಗ ಪರದೆ ಎಳೆಯುವ ಬದಿ ನಿಲ್ಲಬಾರದು ಎಂಬುದು ಮದುವೆಗೆ ಮೊದಲೇ ಮಾಡಿಕೊಂಡ ತೀರ್ಮಾನ.

ಕೇರಳದ ಲಾರಿಗಳಿಗೆ ತರಕಾರಿ ಲೋಡ್ ಮಾಡಿಸುವ ನನ್ನ ಗಂಡನಿಗೆ ಇದು ಸರಿಬರಲಿಲ್ಲ.

"ಗಂಡು ಹೈದನ್ನ ಕುಣಿಸ್ಬೇಕಾ? ಅಂಗನವಾಡಿ ಮೆಟ್ಲು ಹತ್ತಕ್ಕೇ ಎತ್ಕೊ ಅಂತನೆ. ಮೊದ್ಲು ಅದ ನೋಡು."

"ಎತ್ಕೊಂಡೂ ಎತ್ಕೊಂಡೂ ಸೋಮಾರಿ ಮಾಡಿರೋದೇ ನೀವು. ಡ್ಯಾನ್ಸಿಗೆ ಹಾಕಿದ್ರೆ ಎಲ್ಲ ಸರಿಹೋಗ್ತದೆ."

ವಿಚಾರಿಸಿದಾಗ ಎರಡು ಕ್ಲಾಸು ಸಿಕ್ಕವು. ಒಂದು ನಮ್ಮೂರಲ್ಲೇ, ಮೊಬೈಲ್ ಅಂಗಡಿಯ ಮೇಲಿನ ಮಹಡಿಯಲ್ಲಿ, ಸಿನಿಮಾ ಹಾಡಿನ ಡ್ಯಾನ್ಸು. ಇನ್ನೊಂದು ಚಾಮರಾಜನಗರದಲ್ಲಿ, ವಯಸ್ಸಾದ ಟೀಚರೊಬ್ಬರು ಮನೆಯ ಹಾಲಿನಲ್ಲೇ ಭಾನುವಾರ ಹೇಳಿಕೊಡುತ್ತಿದ್ದ ಭರತನಾಟ್ಯ. ನಾನು ಚಾಮರಾಜನಗರದ್ದನ್ನೇ ಹಿಡಿದೆ. ಆ ಕಲೆಯ ಬಗ್ಗೆ ನನಗೇನೂ ತಿಳಿದಿರಲಿಲ್ಲ. ಡಾಕ್ಟರ ಮಕ್ಕಳು, ಆಫೀಸರ ಮಕ್ಕಳು ಅಲ್ಲಿಗೆ ಹೋಗುತ್ತಿದ್ದರು, ಅಷ್ಟೇ ಕಾರಣ.

ಮೊದಲ ದಿನ ಟೀಚರು ಒಂದು ಅರ್ಜಿ ಕೊಟ್ಟರು. ಅರ್ಜಿ ತುಂಬುವುದೆಂದರೆ ನನಗೆ ಒಂದು ಹೆಮ್ಮೆ. ಅವ್ವ ರೇಷನ್ ಕಾರ್ಡಿನ ಅರ್ಜಿಗೂ ಕಂಡಕಂಡವರನ್ನು ಬೇಡಿಕೊಂಡಿದ್ದವಳು. 'ಮಗುವಿಗೆ ಆರೋಗ್ಯದ ತೊಂದರೆ ಇದೆಯೇ' ಎಂಬಲ್ಲಿ ದುಂಡಗೆ 'ಇಲ್ಲ' ಎಂದು ಬರೆದೆ.

ಹೊಸದಾಗಿ ಬಂದಿದ್ದ ಆರು ಮಕ್ಕಳನ್ನು ಟೀಚರು ನೆಲದ ಮೇಲೆ ಕೂರಿಸಿ, "ಎಲ್ಲಿ, ಕೈ ಊರದೆ ಏಳಿ ನೋಡೋಣ" ಅಂದರು. ಐದು ಮಕ್ಕಳು ಪುಟಿದೆದ್ದವು. ನನ್ನ ಮಗ ಮೊದಲು ಬೋರಲಾದ. ಎರಡೂ ಕೈ ನೆಲಕ್ಕೆ ಊರಿ ಸೊಂಟ ಎತ್ತಿದ. ಆಮೇಲೆ ಒಂದು ಕೈ ಮಂಡಿಗೆ, ಇನ್ನೊಂದು ಕೈ ತೊಡೆಗೆ ಕೊಟ್ಟು, ಗೋಡೆ ಹತ್ತುವವನ ಹಾಗೆ ತನ್ನ ಮೈಯನ್ನೇ ಹತ್ತಿಕೊಂಡು ಎದ್ದು ನಿಂತ. ಮಕ್ಕಳು ಕಿಸಕ್ಕನೆ ನಕ್ಕವು.

"ಇನ್ನೊಂದ್ಸಲ ಕಂದ" ಅಂದರು ಟೀಚರು. ಹೀಗೆ ಮೂರು ಸಲ ಏಳಿಸಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು.

"ಸೇರಿಸ್ಕೊಳ್ಳೋಕೆ ಮುಂಚೆ ಇವನನ್ನ ಮಕ್ಕಳ ಡಾಕ್ಟರಿಗೆ ಒಮ್ಮೆ ತೋರಿಸಮ್ಮ. ಏಳೋ ರೀತಿ ಸರಿ ಕಾಣಿಸ್ತಿಲ್ಲ."

ನಾನು ಕೇಳಿಸಿಕೊಂಡದ್ದೇ ಬೇರೆ. ಬಂದ ಕೂಡಲೇ ಅವರು ಯಾವೂರು, ಮನೆಯವರು ಏನು ಮಾಡುತ್ತಾರೆ ಎಂದೆಲ್ಲ ಕೇಳಿದ್ದರು. ಅದು ತಲೆಯಲ್ಲಿ ಕೂತಿತ್ತು.

"ನಮ್ಮಂಥೋರ ಮಕ್ಕಳು ಬೇಡ ಅಂತ ನೇರವಾಗಿ ಹೇಳಿ ಮೇಡಂ. ಕಾಲಿನ ಮೇಲೆ ಯಾಕೆ ಹಾಕ್ತೀರ? ನಾನೂ ಡಿಗ್ರಿ ಓದಿದೀನಿ."

"ಡಿಗ್ರಿಗೂ ಇದಕ್ಕೂ ಏನಮ್ಮ ಸಂಬಂಧ?" ಅಂದರು ಅವರು, ಅರ್ಥವಾಗದೆ. ನಾನು ಮೇಜಿನ ಮೇಲಿದ್ದ ಅರ್ಜಿ ಕಿತ್ತುಕೊಂಡು ಹೊರಬಂದೆ. ಬಸ್ಸಿನಲ್ಲಿ ಗುಂಡ್ಲುಪೇಟೆ ತಲುಪುವವರೆಗೂ ಕುದಿಯುತ್ತಿದ್ದೆ.

ಮರುವಾರವೇ ಮೊಬೈಲ್ ಅಂಗಡಿಯ ಮೇಲಿನ ಕ್ಲಾಸಿಗೆ ಸೇರಿಸಿದೆ. ಇನ್ನೂ ಮೀಸೆ ಚಿಗುರುತ್ತಿದ್ದ ಮಾಸ್ಟರು ಮಗನನ್ನು ಕಂಡು, "ಸೂಪರ್ ಮೇಡಂ! ಟೋ ಮೇಲೇ ನಿಲ್ತನೆ. ಫ್ರಂಟ್ ಲೈನಿಗೇ ಹಾಕ್ತೀನಿ" ಅಂದ. ನನಗೆ ಬೇಕಿದ್ದದ್ದು ಅದೇ ಮಾತು.

ಅಲ್ಲಿಗೆ ಹದಿನೆಂಟು ಮೆಟ್ಟಿಲು. ಮಗ ಕೆಳಗೇ ನಿಂತು ಎರಡೂ ಕೈ ಮೇಲೆತ್ತಿ "ಎತ್ಕೊ" ಅನ್ನುತ್ತಿದ್ದ. ನಾನು ಎತ್ತಿಕೊಳ್ಳಲಿಲ್ಲ. ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲಿಟ್ಟು ಅವನು ಹತ್ತುವಾಗ ಹಿಂದೆ ನಿಂತು, "ಡ್ಯಾನ್ಸರ್ ಆಗೋನು ಅಳ್ತಾನಾ?" ಅನ್ನುತ್ತಿದ್ದೆ. ಅವನು ಅಳು ನುಂಗಿಕೊಂಡು ಹತ್ತುತ್ತಿದ್ದ. ಕ್ಲಾಸಿನಲ್ಲಿ ಬೀಳುತ್ತಿದ್ದ, ಏಳುತ್ತಿದ್ದ. ಹೀಗೆ ಏಳು ತಿಂಗಳು.

ಒಂದು ಶನಿವಾರ ಅವ್ವ ವರ್ಷದ ಮೇಲೆ ಊರಿಂದ ಬಂದಿದ್ದಳು. ಮೊಮ್ಮಗನ ಕುಣಿತ ನೋಡಲಿ ಎಂದು ಕ್ಲಾಸಿಗೆ ಕರೆದೊಯ್ದೆ. ಅವ್ವ ಗೋಡೆಗೆ ಒರಗಿ ಕೂತು ನಗುನಗುತ್ತಾ ನೋಡುತ್ತಿದ್ದಳು. ಮಗ ಬಿದ್ದ. ಬೋರಲಾಗಿ, ಕೈಯೂರಿ, ಮಂಡಿ ಹಿಡಿದು ಎದ್ದ. ಅವ್ವನ ನಗು ನಿಂತಿತು. ಎದ್ದು ಹೊರಗೆ ಹೋದಳು. ಹಿಂದೆಯೇ ಹೋಗಿ ನೋಡಿದರೆ ಮೆಟ್ಟಿಲ ಮೇಲೆ ಕೂತು ಸೆರಗಿನಲ್ಲಿ ಬಾಯಿ ಒತ್ತಿಕೊಂಡಿದ್ದಳು.

"ಅವ್ನು ಅಂಗೆ ಏಳದು ಯಾವಾಗ್ಲಿಂದ ಅಮ್ಮಿ?"

"ಮೊದ್ಲಿಂದ್ಲೂ. ಯಾಕವ್ವ?"

"ನಿಮ್ಮಣ್ಣನೂ ಅಂಗೇ ಏಳೋನು."

ಅಣ್ಣ ತೀರಿಕೊಂಡಾಗ ನನಗೆ ಐದು ವರ್ಷ, ಅವನಿಗೆ ಹದಿನಾಲ್ಕು. ಜಗಲಿಯ ಮೇಲೆ ಸದಾ ಕೂತೇ ಇರುತ್ತಿದ್ದ ಎಂಬುದಷ್ಟೇ ನನ್ನ ನೆನಪು. ಹುಣಸೆಮರದಿಂದ ಬಿದ್ದು ಸೊಂಟ ಮುರಿದುಕೊಂಡ ಎಂದು ಊರಿಗೆಲ್ಲ ಗೊತ್ತಿತ್ತು. ನನಗೂ ಅಷ್ಟೇ ಗೊತ್ತಿತ್ತು.

"ಮರದಿಂದ ಬಿದ್ದದ್ದಲ್ವಾ?"

"ಮರ ಎಲ್ಲಿ ಹತ್ತನು ಮಗಾ, ವಸ್ತಿಲು ದಾಟಕ್ಕೇ ಆಯ್ತಿರ್ನಿಲ್ಲ. ನನ್ ತಮ್ಮನೂ ಅಂಗೇ ಸತ್ತೋದ. ರಕ್ತದಲ್ಲೇ ಅದೆ ಅಂದಿದ್ರೆ ನಿನ್ನ ಯಾರು ಮದ್ವೆ ಆಗರು?"

 ಮೇಲೆ ಹಾಡು ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಅವ್ವ ನನ್ನ ಕೈ ಹಿಡಿದುಕೊಂಡಳು.

"ಅಳಿಯಂದ್ರಿಗೆ ಯೋಳ್ಬೇಡ ಕಣಮ್ಮಿ. ಡ್ಯಾನ್ಸ್ ಕ್ಲಾಸಲ್ಲಿ ಬಿದ್ದ ಅಂದ್ಬುಡು. ಈಗ ಬೀಳ್ನಿಲ್ವಾ ಅವ್ನು? ಸುಳ್ಳೇನಲ್ಲ."

ಆ ವಾರವೇ ಮಗನನ್ನು ಚಾಮರಾಜನಗರದ ಮಕ್ಕಳ ಡಾಕ್ಟರ ಬಳಿ ಕರೆದೊಯ್ದೆ. ಅವರೂ ಅವನನ್ನು ನೆಲದ ಮೇಲೆ ಕೂರಿಸಿ ಏಳು ಅಂದರು. ಅದೇ ಪರೀಕ್ಷೆ. ಏಳು ತಿಂಗಳ ಹಿಂದೆ ಅದೇ ಊರಿನಲ್ಲಿ ನಾನು ಜಗಳವಾಡಿ ಎದ್ದುಬಂದ ಪರೀಕ್ಷೆ. ರಕ್ತವನ್ನು ಮೈಸೂರಿಗೆ ಕಳಿಸಿದರು. ವರದಿ ಬಂದ ದಿನ ನನ್ನ ಗಂಡನೂ ಬಂದಿದ್ದರು. ಸ್ನಾಯುಗಳು ನಿಧಾನವಾಗಿ ಸೊರಗುತ್ತವೆ, ಔಷಧಿಯಿಂದ ತಡ ಮಾಡಬಹುದು, ನಿಲ್ಲಿಸಲಾಗದು, ಹತ್ತು ಹನ್ನೆರಡು ವರ್ಷದ ಹೊತ್ತಿಗೆ ನಡಿಗೆ ಹೋಗಬಹುದು ಅಂದರು ಡಾಕ್ಟರು. ಮೆಟ್ಟಿಲು ಹತ್ತಿಸಬೇಡಿ, ದಣಿಸಬೇಡಿ ಅಂದರು. ನಾನು ಹತ್ತಿಸಿದ್ದೇನೆ ಸಾರ್ ಅಂದೆ. ಅದರಿಂದ ಬಂದದ್ದಲ್ಲಮ್ಮ ಎಂದಷ್ಟೇ ಹೇಳಿ, ಪೆನ್ನು ತೆಗೆದುಕೊಂಡರು.

"ನಿಮ್ಮ ಮನೆಗಳಲ್ಲಿ ಯಾರಿಗಾದರೂ ಹೀಗಿತ್ತಾ?"

ನಾನು ಬಾಯಿ ಬಿಡುವ ಮೊದಲೇ ನನ್ನ ಗಂಡ ಹೇಳಿದರು. "ಎರಡು ಕಡೇಲೂ ಯಾರಿಗೂ ಇಲ್ಲ ಸಾರ್. ಆ ಡ್ಯಾನ್ಸ್ ಕ್ಲಾಸಲ್ಲಿ ಬೀಳ್ಸಿ ಬೀಳ್ಸಿ ಇಂಗಾಗಿರದು. ಆ ಮಾಸ್ಟ್ರನ್ನ ಬುಡಲ್ಲ ನಾನು."

ಅವ್ವ ಹೇಳಿಕೊಟ್ಟ ಮಾತು ನಾನು ಆಡದೆಯೇ ಅಲ್ಲಿ ಬಂದು ಕೂತಿತ್ತು. ಸುಮ್ಮನಿದ್ದರೆ ಸಾಕಿತ್ತು. ಡಾಕ್ಟರು 'ಇಲ್ಲ' ಎಂದು ಬರೆಯಲು ಬಾಗಿದರು.

"ನಮ್ಮಣ್ಣನಿಗಿತ್ತು ಸಾರ್" ಅಂದೆ. "ನಮ್ಮ ಸೋದರಮಾವನಿಗೂ."

ನನ್ನ ಗಂಡ ತಿರುಗಿ ನೋಡಿದರು. "ಮರದಿಂದ ಬಿದ್ದ ಅಂದಿದ್ರು ನಿಮ್ಮವ್ವ."

"ಬಿದ್ದಿರಲಿಲ್ಲ."

 ವಾಪಸು ಬರುವಾಗ ಬಸ್ಸಿನಲ್ಲಿ ಅವರು ಡ್ರೈವರ್ ಹಿಂದಿನ ಸೀಟಿನಲ್ಲಿ ಒಬ್ಬರೇ ಹೋಗಿ ಕೂತರು. ಮಗ ನನ್ನ ಪಕ್ಕ ಕಿಟಕಿಯ ಹತ್ತಿರ, ಸೀಟಿನ ಮೇಲೆ ತುದಿಗಾಲಲ್ಲಿ ನಿಂತಿದ್ದ.

"ಅಮ್ಮ, ಇವತ್ತು ಡ್ಯಾನ್ಸ್ ಕ್ಲಾಸಿಲ್ವಾ?"

"ಇಲ್ಲ ಕಂದ."

ಗುಂಡ್ಲುಪೇಟೆಯಲ್ಲಿ ನನ್ನ ಗಂಡ ಹಿಂದೆ ನೋಡದೆ ಇಳಿದು ಹೋದರು. ನಾವು ಬಸ್ಸಿನ ಬಾಗಿಲಿಗೆ ಬಂದಾಗ ಮಗ ಕೈ ಮೇಲೆತ್ತಲಿಲ್ಲ. ಕಂಬಿ ಹಿಡಿದುಕೊಂಡು, ಅಳು ನುಂಗಿಕೊಂಡು, ತಾನೇ ಇಳಿಯಲು ಒಂದು ಕಾಲು ಕೆಳಗಿಟ್ಟ. ನಾನೇ ಹಾಗೆ ಕಲಿಸಿದ್ದೆ. ಕಂಬಿಯಿಂದ ಅವನ ಬೆರಳು ಬಿಡಿಸಿ ಎತ್ತಿಕೊಂಡೆ.