ಟ್ಯೂಷನ್ ಮಕ್ಕಳಿಂದ ಕದ್ದದ್ದು

ಐಸ್ ಪುಡಿ ಮಾಡುವ ಮಿಷನ್ನಿನ ಕರಕರ ಸದ್ದು ನನಗೆ ಈಗಲೂ ಕೇಳಿಸುತ್ತದೆ. ಗಂಗೊಳ್ಳಿ ಬಂದರಿನ ಹಿಂದಿನ ರಸ್ತೆಯಲ್ಲಿ ನಮ್ಮ ಮನೆ. ಬೋಟುಗಳಿಗೆ ಐಸ್ ತುಂಬುವಾಗ ನನ್ನ ಇಂಗ್ಲಿಷ್ ಟ್ಯೂಷನ್ನಿನ ಮಕ್ಕಳು ಅದಕ್ಕಿಂತ ಜೋರಾಗಿ ಸ್ಪೆಲಿಂಗ್ ಕಿರುಚುತ್ತಿದ್ದವು. ಆ ಮಧ್ಯಾಹ್ನ ಮಾತ್ರ ಮಿಷನ್ ಸುಮ್ಮನಿತ್ತು. ಗಾಳಿ ಎದ್ದಿತ್ತು. ಕಡಲಿಗೆ ಹೋದ ಬೋಟುಗಳೆಲ್ಲ ವಾಪಸು ಬಂದಿದ್ದವು, ಒಂದನ್ನು ಬಿಟ್ಟು.

ಒಂದು ಕನ್ಫೆಶನ್ ಮಾಡಿಬಿಡುತ್ತೇನೆ. ಆಗ ನಾನು ವಾರಪತ್ರಿಕೆಯೊಂದಕ್ಕೆ ಮಕ್ಕಳ ಕಥೆ ಬರೆಯುತ್ತಿದ್ದೆ. ಅದರಲ್ಲಿ ನನ್ನದು ಅನ್ನುವುದು ಕಾಮಾ, ಫುಲ್‌ಸ್ಟಾಪ್ ಮಾತ್ರ. ಇನ್‌ಸ್ಪಿರೇಶನ್ ಮೇಲಿನಿಂದ ಇಳಿಯುತ್ತದೆ ಎಂದು ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಹೇಳುತ್ತಿದ್ದರು. ನನಗದು ಮೂಗು ಸುರಿಸಿಕೊಂಡು, ಚಪ್ಪಲಿ ಅದಲುಬದಲು ಹಾಕಿಕೊಂಡು ಗೇಟಿನಿಂದಲೇ ಬರುತ್ತಿತ್ತು. "ಟೀಚರಜ್ಜಿ, ಏಡಿಗೆ ಸೀದಾ ನಡೂಕೆ ಯಾರೂ ಹೇಳ್ಕೊಡ್ಲಿಲ್ಯಾ?" ಎಂದು ಯಾರಾದರೂ ಕೇಳಿದರೆ ಆ ವಾರದ ಕಥೆ ರೆಡಿ. ಕವಿಗೆ ಪ್ರತಿಭೆ ಬೇಕು, ಅಭ್ಯಾಸ ಬೇಕು ಎಂದು ಅಲಂಕಾರಶಾಸ್ತ್ರದವರು ಪಟ್ಟಿ ಕೊಡುತ್ತಾರೆ. ಕಳ್ಳತನವನ್ನು ಯಾಕೋ ಬಿಟ್ಟಿದ್ದಾರೆ.

ಆದರೆ ಮೂರು ವಾರದಿಂದ ಕದಿಯಲು ಏನೂ ಸಿಕ್ಕಿರಲಿಲ್ಲ. ಅಂದು ಸಂಜೆಯೊಳಗೆ ಕಥೆ ಕಳುಹಿಸಬೇಕಿತ್ತು. ಟ್ಯೂಷನ್ನಿಗೆ ಬಂದದ್ದು ನಯನಾ ಒಬ್ಬಳೇ. ಎಂಟು ವರ್ಷ. ಬಾರದ ಬೋಟಿನಲ್ಲಿದ್ದದ್ದು ಅವಳ ಅಪ್ಪ. ಮಗುವನ್ನು ನನ್ನಲ್ಲಿ ಬಿಟ್ಟು ತಾಯಿ ಬೋಟು ಕಟ್ಟುವ ದಕ್ಕೆಗೆ ಓಡಿದ್ದಳು.

"ಟೀಚರಜ್ಜಿ, ನನ್ನಿಂದಲೇ ಆದ್ದ್."

"ಎಂತ ಆದ್ದ್ ಮಗಾ?"

"ಅಪ್ಪಯ್ಯ ಹೊರಡುವತಿಗೆ, ಎಲ್ಲಿಗ್ ಹೋಪ್ದ್ ಅಂತ ಕೇಂಡೆ."

ಕಡಲಿಗೆ ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಅಪಶಕುನ ಎಂದು ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ನಾನ್ಸೆನ್ಸ್, ಹಾಗೆಲ್ಲ ಇಲ್ಲ ಎಂದು ಹೇಳಲು ಬಾಯಿ ತೆರೆದೆ. ಕೈ ಮಾತ್ರ ಆಗಲೇ ಬರೆಯುತ್ತಿತ್ತು. ವಾಟ್ ಎ ಲೈನ್!

"ಎಂತ ಬರೀತ್ರಿ?"

"ಎಂತ ಇಲ್ಲೆ."

"ನನ್ ಮಾತೇ ಬರದ್ರಿ. ಅಮ್ಮಂಗ್ ಗೊತ್ತಾರೆ? ಅಪ್ಪಯ್ಯ ಬಾರ್ದೆ ಇದ್ರೆ ಎಲ್ರೂ ನನ್ನೇ ಹೇಳ್ತ್ರ್."

ನನಗಾಗ ಅರವತ್ತೆಂಟು. ಅಲ್ಲಿಯವರೆಗೆ ಯಾವ ಎಡಿಟರೂ ನನ್ನನ್ನು ಹಾಗೆ ಹಿಡಿದಿರಲಿಲ್ಲ. ಹಾಳೆ ಹರಿದು ಅವಳ ಕೈಗೇ ಕೊಟ್ಟೆ. ಚೂರುಚೂರು ಮಾಡಿ ಫ್ರಾಕಿನ ಜೇಬಿಗೆ ತುಂಬಿಕೊಂಡಳು. ನನ್ನ ಕಸದ ಬುಟ್ಟಿಯನ್ನೂ ನಂಬಲಿಲ್ಲ ಹುಡುಗಿ. ಆಮೇಲೆ ಇಬ್ಬರೂ ಗೇಟಿನ ಬಳಿ ನಿಂತು, ದಕ್ಕೆಯ ಕಡೆಯಿಂದ ಬಂದವರ ಮುಖ ಮುಖ ನೋಡಿದೆವು. ಒಬ್ಬೊಬ್ಬರಾಗಿ ದಾಟಿಹೋಗುತ್ತಿದ್ದರು. ಪ್ರತಿ ಸಲ ಅವಳ ಮುಷ್ಟಿಯಲ್ಲಿ ನನ್ನ ಸೆರಗು ಹಿಂಡಿಹೋಗುತ್ತಿತ್ತು. ಆ ಎರಡು ಗಂಟೆಯಲ್ಲಿ ನನಗೆ ಒಂದು ವಾಕ್ಯವೂ ಹೊಳೆಯಲಿಲ್ಲ, ಥ್ಯಾಂಕ್ ಗಾಡ್.

ಬೆಳಕಿರುವಾಗಲೇ ಸೈಕಲ್ಲಿನವನೊಬ್ಬ ಕೂಗಿಕೊಂಡು ಬಂದ: "ಹ್ವಾಯ್, ಎಂಜಿನ್ ಕೆಟ್ಟದ್ದಂಬ್ರ್! ಬೇರೆ ಬೋಟ್ ಎಳ್ಕಂಡ್ ಬತ್ತಿತ್ತ್! ಎಲ್ರೂ ಸಮ ಇದ್ರ್!"

ನಯನಾ ಓಡಿದಳು. ಹುಷಾರಿಲ್ಲವೆಂದು ನಾನು ಪತ್ರಿಕೆಗೆ ಫೋನ್ ಮಾಡಿದೆ.

ಹತ್ತು ವರ್ಷ ಕಳೆದ ಮೇಲೆ, ಹೋದ ವರ್ಷ, ಬಸ್ ಸ್ಟ್ಯಾಂಡಿನಲ್ಲಿ ಎತ್ತರದ ಹುಡುಗಿಯೊಬ್ಬಳು ನನ್ನ ಕೈಚೀಲ ಕಿತ್ತುಕೊಂಡು ನಗುತ್ತಾ ನಿಂತಳು. ನರ್ಸಿಂಗ್ ಕಲಿಯಲು ಹೊರಟಿದ್ದಳು.

"ಅಪ್ಪಯ್ಯಂಗೆ ಹೇಳ್ದೆ ಟೀಚರಜ್ಜಿ. ನಾನ್ ಕೇಂಡದ್ ಅವ್ರಿಗೆ ನೆನಪೇ ಇಲ್ಲೆ! ಈಗ ಬರ್ಕಣಿ. ಹೆಸ್ರ್ ಮಾತ್ರ ಬೇರೆ ಹಾಕಿ, ಚಂದದ್ದ್."

ನಯನಾ ಆದೀತೇ ಎಂದು ಕೇಳಿದೆ. ಮೂಗು ಮುರಿದಳು. ಅಷ್ಟರಲ್ಲಿ ಬಸ್ಸು ಹೊರಟಿತು; ಚೀಲ ನನ್ನ ಕೈಗೆ ತುರುಕಿ ಹತ್ತಿದಳು. ಕಂಡಕ್ಟರ್ ಬೈಯುತ್ತಿದ್ದರೂ ಫುಟ್‌ಬೋರ್ಡಿನಿಂದ ತಲೆ ಹೊರಗೆ ಹಾಕಿ, ತನಗೆ ಬೇಕಾದ ಹೆಸರನ್ನು ಕೂಗಿ ಹೇಳಿದಳು. ನನಗೆ ಕೇಳಿಸಲಿಲ್ಲ; ಹಾಗಾಗಿ ಈ ಕಥೆಯಲ್ಲಿ ಅವಳು ನಯನಾ ಎಂದೇ ಉಳಿದಳು. ಅವಳನ್ನು ಕಂಡದ್ದು ಅದೇ ಕೊನೆ.