ಅತ್ತೆ ಹಿಡಿದ ಕೇಬಲ್

ಮೂರನೇ ಪ್ರಶ್ನೆಗೆ ಉತ್ತರಿಸುತ್ತಿದ್ದಾಗಲೇ ಲ್ಯಾಪ್‌ಟಾಪಿನಲ್ಲಿ ಸಂದರ್ಶಕರ ಮುಖಗಳು ಅಲ್ಲಾಡದೆ ನಿಂತುಬಿಟ್ಟವು. ಹೊನ್ನಾಳಿಯ ನಮ್ಮ ಮನೆಯ ಮಣ್ಣಿನ ಗೋಡೆಗಳನ್ನು ವೈಫೈ ದಾಟುವುದಿಲ್ಲ. ಅದಕ್ಕೇ ಹಿಂದಿನ ಕೋಣೆಯ ಬಾಗಿಲ ಪಕ್ಕ ಸಿಗ್ನಲ್ ಹರಡುವ ಮೆಶ್ ವೈಫೈನ ಎರಡನೇ ಡಬ್ಬಿ ಇಟ್ಟು, ನಡುಮನೆಯಿಂದ ಹೊಸ್ತಿಲ ಮೇಲೆ ಕೇಬಲ್ ಎಳೆದಿದ್ದೆ. ತಿರುಗಿ ನೋಡಿದೆ. ಅಂದು ಶುಕ್ರವಾರ. ಪ್ರತಿ ಹೊಸ್ತಿಲಿಗೂ ಅರಿಶಿನ ಹಚ್ಚುತ್ತ ಬಂದ ಅತ್ತೆ, ಅಡ್ಡವಾಯಿತೆಂದು ಕೇಬಲ್ಲನ್ನೇ ಕಿತ್ತು ಪಕ್ಕಕ್ಕಿಟ್ಟಿದ್ದರು.

ಅತ್ತೆಯೆಂಬುದನ್ನೂ ಮರೆತು ಕಿರುಚಿದೆ. ಮತ್ತೆ ಸಿಕ್ಕಿಸಿದರೆ ನಿಲ್ಲಲಿಲ್ಲ. ಎಳೆದ ರಭಸಕ್ಕೆ ತುದಿಯ ಪ್ಲಾಸ್ಟಿಕ್ ಕೊಂಡಿ ಮುರಿದಿತ್ತು, ಕೈಬಿಟ್ಟರೆ ಜಾರುತ್ತಿತ್ತು.

ಅತ್ತೆ ಕೈಯನ್ನು ಸೆರಗಿಗೆ ಒರೆಸಿಕೊಂಡು ನೆಲದಲ್ಲೇ ಕೂತು ಅದನ್ನು ಒತ್ತಿ ಹಿಡಿದರು. “ನಾನು ಹಿಡ್ಕಂಡಿರ್ತೀನಿ. ನೀ ಹೋಗಿ ಮಾತಾಡು.”

ಮುಖಗಳು ಮತ್ತೆ ಅಲ್ಲಾಡಿದವು. ಅರ್ಧ ಗಂಟೆ ಅತ್ತೆ ಕದಲಲಿಲ್ಲ, ಬಂದ ಕೆಮ್ಮನ್ನೂ ನುಂಗಿಕೊಂಡರು. ನಾನು ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಮೆಲ್ಲಗೆ ಕೇಳಿದರು: “ಮುಗೀತೇನವ್ವ? ಇನ್ನ ಬಿಡ್ಲಾ?”

ಕೆಲಸ ಸಿಕ್ಕಿತು. ಹೊಸ ಕೇಬಲ್ ಈಗ ಬಾಗಿಲ ಮೇಲಿಂದ ಹೋಗುತ್ತದೆ. ಅಂದು ಕಿರುಚಿದ್ದಕ್ಕೆ ಮಾತ್ರ ನಾನಿನ್ನೂ ಕ್ಷಮೆ ಕೇಳಿಲ್ಲ. ಇದನ್ನು ಬರೆದು ಕಳಿಸುತ್ತಿರುವ ಈ ಪತ್ರಿಕೆಯನ್ನು ಅತ್ತೆ ತಪ್ಪದೆ ಓದುತ್ತಾರೆ.