ಪರವಾಗಿಲ್ಲ ಎನ್ನುತ್ತಿದ್ದ ಬೆರಿಲ್

ನನ್ನ ಅಕ್ಕ ಬೆರಿಲ್ ಲಿವರ್‌ಪೂಲ್‌ನ ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುವಾಗ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಮೂಳೆ ಕೂಡಿತು, ನೋವು ಮಾತ್ರ ಹೋಗಲಿಲ್ಲ. ಕೈ ಊದಿ ಕೆಂಪಾಯಿತು. ಅಂಗಿಯ ತೋಳು ತಾಗಿದರೂ ಬೆಂಕಿ ಇಟ್ಟಂತೆ ಉರಿ. ನದಿಯ ಕಡೆಯ ಗಾಳಿ ಸೋಕೀತೆಂದು ಬೇಸಿಗೆಯಲ್ಲೂ ಕಿಟಕಿ ಮುಚ್ಚಿ ಕೂರುತ್ತಿದ್ದಳು. ಮಾತ್ರೆ, ವ್ಯಾಯಾಮ, ಬೆನ್ನಿಗೆ ಚುಚ್ಚುಮದ್ದು, ಆ ನೋವು ಯಾವುದಕ್ಕೂ ಜಗ್ಗಲಿಲ್ಲ.

ಕೊನೆಗೆ ಒಂದು ದಾರಿ ಕಂಡಿತು. ಮೈಯ ರೋಗನಿರೋಧಕ ಶಕ್ತಿಯೇ ದಿಕ್ಕು ತಪ್ಪಿ ನರಗಳ ಮೇಲೆ ಬೀಳುತ್ತಿರಬಹುದಂತೆ. ರಕ್ತದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳನ್ನು ಡ್ರಿಪ್‌ನಲ್ಲಿ ಕೊಟ್ಟರೆ ಕೆಲವರಿಗೆ ನೋವು ಇಳಿಯಬಹುದಂತೆ. ಆ ಔಷಧಿ ಸಿಗುವುದೇ ಕಡಿಮೆ, ಹಾಗಾಗಿ ತೀರಾ ನರಳುವವರಿಗೆ ಮಾತ್ರ ಕೊಡುತ್ತಾರಂತೆ.

ನಮ್ಮ ಬೆರಿಲ್ ಏನು ಮಾಡಿದಳು? ಡಾಕ್ಟರ ಹತ್ತಿರ ಹೋಗುವುದಲ್ಲವೇ ಎಂದು ಒಂದೇ ಕೈಯಲ್ಲಿ ತಲೆ ಬಾಚಿ, ಲಿಪ್‌ಸ್ಟಿಕ್ ಹಚ್ಚಿ, ಒಳ್ಳೆಯ ಕೋಟನ್ನು ಹೆಗಲಿಗೆ ಹಾಕಿಕೊಂಡು ಹೋದಳು. ಡಾಕ್ಟರು ಹೇಗಿದ್ದೀರಿ ಎಂದು ಕೇಳಿದರು. "ಪರವಾಗಿಲ್ಲ ಡಾಕ್ಟ್ರೇ, ನನಗಿಂತ ಕಷ್ಟದಲ್ಲಿರೋರು ಎಷ್ಟೋ ಜನ" ಎಂದಳು. ನಮ್ಮ ಬೀದಿಯಲ್ಲಿ ತಮ್ಮವರ ಶವಪೆಟ್ಟಿಗೆ ಹೊರುವಾಗಲೂ ಎಲ್ಲರೂ ಹೇಳುವುದು ಅದನ್ನೇ. ಡಾಕ್ಟರು ನಂಬಿಬಿಟ್ಟರು. ಇವಳಿಗೆ ಡ್ರಿಪ್ ಬೇಕಿಲ್ಲ ಎಂದು ತೀರ್ಮಾನವಾಯಿತು.

"ನಿನ್ನ ಬುದ್ಧಿಗೆ ಮಂಕು ಬಡಿದಿತ್ತೇನೇ?" ಎಂದು ರೇಗಿದೆ.

"ಪಾಪ, ಆ ಡಾಕ್ಟ್ರು ಎಷ್ಟು ಸುಸ್ತಾಗಿದ್ರು ಗೊತ್ತಾ? ಅವರ ಮುಂದೆ ಗೋಳು ಹೇಳ್ಕೊಳ್ಳೋದಾ?"

"ಡಾಕ್ಟ್ರ ಮುಂದೆ ಅಲ್ದೆ ಹಾಲಿನವನ ಮುಂದೆ ಹೇಳ್ಕೋತೀಯಾ?"

ನಕ್ಕಳು. ನಗುವಾಗ ಕೈ ಅಲುಗಿತು, ನಗು ಅಳುವಾಯಿತು.

ಕಾಡಿ ಬೇಡಿ ಇನ್ನೊಂದು ಭೇಟಿ ಗಿಟ್ಟಿಸಿದೆ. ಈ ಸಲ ಲಿಪ್‌ಸ್ಟಿಕ್ ಬಚ್ಚಿಟ್ಟು ನಾನೂ ಜೊತೆಗೆ ಹೋದೆ. ಡಾಕ್ಟರು ಮತ್ತೆ ಅದೇ ಪ್ರಶ್ನೆ ಕೇಳಿದರು. "ಪರವಾ..." ಎಂದವಳು ನನ್ನ ಮುಖ ನೋಡಿ ಸುಮ್ಮನಾದಳು. ಆಮೇಲೆ, ಅಂಗಡಿಯಲ್ಲಿ ಚಿಲ್ಲರೆ ಕೇಳುವಷ್ಟು ಮೆಲ್ಲಗೆ ಕೇಳಿದಳು:

"ತಪ್ಪು ತಿಳ್ಕೋಬೇಡಿ ಡಾಕ್ಟ್ರೇ. ನಿಮಗೆ ತೊಂದ್ರೆ ಇಲ್ಲಾಂದ್ರೆ, ಈ ಕೈ ಕತ್ತರಿಸಿ ಹಾಕ್ತೀರಾ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಮೊದ್ಲು ಡ್ರಿಪ್ ಹಾಕಿ ನೋಡೋಣ. ಗುಣ ಆಗುತ್ತೆ ಅಂತ ಮಾತು ಕೊಡೋಕಾಗಲ್ಲ" ಎಂದರು.

ಬೆರಿಲ್ ಕಣ್ಣೊರೆಸಿಕೊಂಡಳು. "ಅಷ್ಟು ಸಾಕು. ಆದ್ರೆ ನನಗಿಂತ ಹೆಚ್ಚು ಅಗತ್ಯ ಇರೋರು ಯಾರಾದ್ರೂ ಇದ್ರೆ, ಮೊದ್ಲು ಅವರಿಗೇ ಕೊಡಿ."

"ಅದನ್ನ ಬರ್ಕೋಬೇಡಿ ಡಾಕ್ಟ್ರೇ!" ಎಂದು ನಾನು ಕಿರುಚಿದೆ.